ಬೆಳ್ಳಕ್ಕಿಯ ಎರಡು ದನಿ

ನಮ್ಮೂರಿನ ಹಿನ್ನೀರಿನ ಮೇಲೆ ರೇಡಿಯೋದಲ್ಲಿ ಯಾರೂ ಯಾರನ್ನೂ ಪ್ರಶ್ನೆ ಕೇಳುವ ಹಾಗಿಲ್ಲ. ಕೇಳಿದರೆ ನೀರು ಉತ್ತರ ಕೊಡುತ್ತದೆ. ಯಾರನ್ನು ಕೇಳಿದಿರೋ ಅವರದೇ ದನಿಯಲ್ಲಿ, ಕೇಳಿದವರಿಗೆ ಯಾವುದು ಬೇಕೋ ಅದನ್ನೇ ಹೇಳುತ್ತದೆ. ಹೊರಗಿನಿಂದ ಬಂದವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಅದರಲ್ಲೇನೂ ವಿಶೇಷ ಕಾಣುವುದಿಲ್ಲ. ಬೇರೆ ಊರುಗಳಲ್ಲಿ ನಾಯಿ ಕಚ್ಚುತ್ತದೆ, ಕರೆಂಟು ಹೋಗುತ್ತದೆ. ನಮ್ಮಲ್ಲಿ ನೀರು ಮಾತಾಡುತ್ತದೆ, ಅಷ್ಟೇ. ಜೋಪಾನವಾಗಿದ್ದರಾಯಿತು.

ನನ್ನ ಹೆಸರು ಕುಸುಮಾ. ಊರವರಿಗೆಲ್ಲ ಕುಸುಮಕ್ಕ. ಜೆಟ್ಟಿಯ ತುದಿಯಲ್ಲಿರುವ ಹಾಯಿದೋಣಿ ವಿಹಾರ ಸಂಘದ ರೇಡಿಯೋ ಕೋಣೆಯಲ್ಲಿ ಕೂರುವುದು ನನ್ನ ಕೆಲಸ. ಸಂಘದವರು ಮೀನು ಹಿಡಿಯುವವರಲ್ಲ. ಬ್ಯಾಂಕಿನವರು, ಹಲ್ಲಿನ ಡಾಕ್ಟರು, ಹಂಚಿನ ಕಾರ್ಖಾನೆಯ ಮ್ಯಾನೇಜರು, ಹೀಗೆ ವಾರವಿಡೀ ನೆಲದ ಮೇಲೆ ಬೇಸತ್ತು ಭಾನುವಾರ ಹಾಯಿ ಬಿಚ್ಚುವ ಮಂದಿ. ಹೊಸದಾಗಿ ಸೇರಿದವರಿಗೆ ರೇಡಿಯೋ ಮರ್ಯಾದೆ ಕಲಿಸುವವಳೂ ನಾನೇ. ಬಟನ್ ಒತ್ತಿದ ಕೂಡಲೇ ಬಾಯಿ ತೆರೆಯಬೇಡಿ, ಒಂದು ಉಸಿರು ತಡೆಯಿರಿ ಅನ್ನುತ್ತೇನೆ. ಯಾರನ್ನು ಕರೆಯುತ್ತೀರೋ ಆ ದೋಣಿಯ ಹೆಸರು ಎರಡು ಸಲ, ಆಮೇಲೆ ನಿಮ್ಮ ದೋಣಿಯ ಹೆಸರು, ಹೇಳಬೇಕಾದ್ದನ್ನು ಚುಟುಕಾಗಿ ಹೇಳಿ ಓವರ್ ಅನ್ನಿ, ಇನ್ನೊಬ್ಬರ ಮಾತಿಗೆ ಅಡ್ಡ ಬಾಯಿ ಹಾಕಬೇಡಿ. ಮತ್ತೆ, ಪ್ರಾಣ ಹೋದರೂ ಪ್ರಶ್ನೆ ಬೇಡ. ಎಲ್ಲಿದ್ದೀರಿ ಅನ್ನಬೇಕಾದ ಕಡೆ ನಾವು 'ಸಂಘ ಕಾಯ್ತಾ ಉಂಟು' ಅನ್ನುತ್ತೇವೆ. ತಿಳಿಯಬೇಕಾದವರಿಗೆ ತಿಳಿಯುತ್ತದೆ.

ಒಮ್ಮೆ ಹಲ್ಲಿನ ಡಾಕ್ಟರ ಹೆಂಡತಿ, ಪಾಪ, ಹೊಸತಾಗಿ ಊರಿಗೆ ಬಂದವಳು, ಯಾರದೋ ಕೈಯಿಂದ ಮೈಕ್ ಕಿತ್ತುಕೊಂಡು 'ತಲುಪಿದ್ರಾ?' ಅಂದುಬಿಟ್ಟಿದ್ದಳು. 'ತಲುಪಿದೆ, ಆಚೆ ದಡದಲ್ಲಿ ಚಾ ಕುಡೀತಾ ಇದ್ದೇನೆ, ಓವರ್' ಅಂತ ಡಾಕ್ಟರ ದನಿ ಬಂತು. ಆಕೆ ಸಮಾಧಾನದಿಂದ ಮನೆಗೆ ಹೋಗಿ ಬಟ್ಟೆ ಒಗೆಯಲು ಕೂತಳು. ಡಾಕ್ಟರು ಆಗ ಮಗುಚಿದ ದೋಣಿಯ ಬೆನ್ನನ್ನು ತಬ್ಬಿಕೊಂಡು ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದರು. ಬದುಕಿದರು, ಅವರ ಪುಣ್ಯ. ಆವತ್ತಿನಿಂದ ಸಂಘದಲ್ಲಿ ಎಲ್ಲರ ತಲೆಯಲ್ಲಿ ಒಂದು ಮಾತು ಕೂತಿದೆ: ಸಮಾಧಾನ ಹೇಳುವ ದನಿ ನೀರಿನದ್ದು. ಒಂದು ಸಲ ಪ್ರಶ್ನೆ ಬಿದ್ದಿತೋ, ಆ ದೋಣಿ ಜೆಟ್ಟಿ ಮುಟ್ಟುವ ತನಕ ನೀರು ಅದರ ಹೆಸರನ್ನು ಬಿಡುವುದಿಲ್ಲ. ನಿಜವಾದ ದನಿಯೂ ಬರುತ್ತದೆ, ನೀರಿನದ್ದೂ ಬರುತ್ತದೆ. ಓವರ್ ಹೇಳುವುದನ್ನು ನೀರು ನಮಗಿಂತ ಚೆನ್ನಾಗಿ ಕಲಿತಿದೆ.

ವರ್ಷಗಟ್ಟಲೆ ಆ ಕೋಣೆಯಲ್ಲಿ ಕೂತು ಕೂತು ನನಗೆ ನೆಲದ ಮೇಲೂ ಕೇಳುವ ಅಭ್ಯಾಸ ತಪ್ಪಿಹೋಗಿದೆ. ತರಕಾರಿಯವಳ ಹತ್ತಿರ 'ಬೆಂಡೆ ಎಳೆಯದು ಬೇಕಿತ್ತು' ಅನ್ನುತ್ತೇನೆಯೇ ಹೊರತು ಎಳೆಯದುಂಟಾ ಅನ್ನುವುದಿಲ್ಲ. ಊರಲ್ಲಿ ಅರ್ಧ ಜನ ಹೀಗೇ. ಒಂದೇ ಒಂದು ಪ್ರಶ್ನೆ ಮಾತ್ರ ನನ್ನ ಬಾಯಲ್ಲಿ ಉಳಿದುಕೊಂಡಿತ್ತು. ಅದನ್ನು ನಾನು ಪ್ರಶ್ನೆ ಅಂತ ಎಣಿಸಿಯೇ ಇರಲಿಲ್ಲ. ಅದರಿಂದಲೇ ನನ್ನ ಗ್ರಹಚಾರ ಬಂದದ್ದು.

ವಾರಿಜಾ ನನ್ನ ತಂಗಿ. ನನಗಿಂತ ತುಂಬ ಚಿಕ್ಕವಳು. ಅಮ್ಮ ತೀರಿಕೊಂಡಾಗ ಅವಳಿನ್ನೂ ಲಂಗ ತೊಡುವ ಮಗು. ತಲೆ ಬಾಚಿದ್ದು, ಶಾಲೆಗೆ ಕಳಿಸಿದ್ದು, ಜ್ವರ ಬಂದಾಗ ಎದ್ದು ಕೂತದ್ದು ಎಲ್ಲ ನಾನು. ನಾನು ಮದುವೆಯಾಗಲಿಲ್ಲ, ಆಮೇಲೆ ಅವಳೂ ಬೇಡ ಅಂದಳು. ಒಂದೇ ಮನೆ, ಒಂದೇ ಒಲೆ. ಅವಳು ಹಾಯಿ ಹೊಲಿಯುತ್ತಾಳೆ. ಅವಳು ಹೊಲಿದ ಹಾಯಿ ಗಾಳಿಗೆ ಹರಿಯುವುದಿಲ್ಲ ಅಂತ ಸಂಘದಲ್ಲೆಲ್ಲ ಹೆಸರು. ಅವಳದೇ ಒಂದು ಪುಟ್ಟ ದೋಣಿಯೂ ಉಂಟು, ಬೆಳ್ಳಕ್ಕಿ ಅಂತ. ಮಾತು ಕಮ್ಮಿ, ಹಠ ಜಾಸ್ತಿ. ನನಗೋ ಮಾತು ಜಾಸ್ತಿ, ಹಠವೂ ಜಾಸ್ತಿ.

ಸಂಘದ ಹಾಯಿದೋಣಿ ಪಂದ್ಯಕ್ಕೆ ಕೆಲವು ದಿನ ಮೊದಲು ಅವಳು ಅಟ್ಟದಿಂದ ಅಪ್ಪನ ಹಳೆಯ ಟ್ರಂಕು ಇಳಿಸಿದಳು. ಧೂಳು ಒರೆಸಿ ಕಿಟಕಿಯ ಕೆಳಗೆ ಇಟ್ಟಳು. ಮರುದಿನ ನೋಡಿದರೆ ಅದರಲ್ಲಿ ಅವಳ ಸೀರೆಗಳು. ಅದರ ಮರುದಿನ ಸೂಜಿಯ ಡಬ್ಬ, ಮೇಣದ ಉಂಡೆ, ಚರ್ಮದ ಕೈಪಟ್ಟಿ. ಆಚೆ ದಡದಲ್ಲಿ ಒಂದು ಹಳೆಯ ಗೋದಾಮನ್ನು ವಾರಿಜಾ ನೋಡಿಕೊಂಡು ಬಂದಿದ್ದಾಳೆ, ಕೆಳಗೆ ಹೊಲಿಗೆ, ಮೇಲೆ ಬಿಡಾರ ಅಂತೆ, ಅಂತ ತರಕಾರಿಯವಳೇ ನನಗೆ ಹೇಳಿದ್ದು. ನನ್ನ ಕೈಯಲ್ಲಿದ್ದ ಬೆಂಡೆಕಾಯಿ ಅಲ್ಲೇ ಬಿತ್ತು. ಮನೆಗೆ ಬಂದು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. 'ಸಾರಿಗೆ ಉಪ್ಪು ಕಮ್ಮಿ' ಅಂದಳು. 'ಹಾಕಿಕೋ' ಅಂದೆ. ಅಷ್ಟೇ ಮಾತು. ಆದರೆ ಆ ಟ್ರಂಕಿನ ಮುಚ್ಚಳದ ಸದ್ದು ಕೇಳಿದಾಗಲೆಲ್ಲ ನಾನು ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಅವಳಿಲ್ಲದ ಮನೆಯಲ್ಲಿ ನಾನು ಯಾರಿಗೆ ಅಡುಗೆ ಮಾಡಲಿ, ಯಾರನ್ನು ಬೈಯಲಿ?

ಪಂದ್ಯದ ದಿನ ಬೆಳಿಗ್ಗೆ ಅವಳಿಗಿಷ್ಟ ಅಂತ ಕೊಟ್ಟೆ ಕಡುಬು ಮಾಡಿದ್ದೆ. ಹಲಸಿನ ಎಲೆ ಹುಡುಕಿಕೊಂಡು ಬಂದು ದೊನ್ನೆಯ ಹಾಗೆ ಕೊಟ್ಟೆ ಕಟ್ಟಿ ಬೇಯಿಸಿ, ಬುತ್ತಿಯ ಡಬ್ಬಕ್ಕೆ ತುಂಬಿಸಿ ಕೊಟ್ಟರೆ, 'ಬೇಡ ಅಕ್ಕ, ಹೊತ್ತಾಯ್ತು' ಅಂತ ಲೈಫ್ ಜಾಕೆಟ್ ಹೆಗಲಿಗೆ ಹಾಕಿ ನಡೆದೇಬಿಟ್ಟಳು. ಹೊತ್ತೇನೂ ಆಗಿರಲಿಲ್ಲ. ನಾನು ಆ ಡಬ್ಬವನ್ನು ಹೊತ್ತುಕೊಂಡೇ ರೇಡಿಯೋ ಕೋಣೆಗೆ ಹೋದೆ. ದಿನವಿಡೀ ಅದು ಮೈಕಿನ ಪಕ್ಕದಲ್ಲೇ ಇತ್ತು.

ಮಧ್ಯಾಹ್ನದ ತನಕ ಎಲ್ಲ ಚಂದ. ಒಳ್ಳೆಯ ಗಾಳಿ, ನೀರಿನ ತುಂಬ ಬಿಳಿ ಹಾಯಿಗಳು. ಎರಡು ದೋಣಿಯವರು ತಿರುವಿನ ಹತ್ತಿರ ಮುಖಾಮುಖಿಯಾಗಿ ಜಗಳಕ್ಕೆ ಬಿದ್ದರು. 'ನನಗೆ ಬಲದಿಂದ ಗಾಳಿ, ದಾರಿ ನನ್ನದು' ಅಂತ ಬ್ಯಾಂಕಿನವನು, 'ಅಷ್ಟು ಹತ್ತಿರ ಬಂದದ್ದು ನಿಮ್ಮದೇ ತಪ್ಪು' ಅಂತ ಮ್ಯಾನೇಜರು. ಸಂಘದ ಅಧ್ಯಕ್ಷ ಭುಜಂಗರಾಯರು ನನ್ನ ಹಿಂದೆ ನಿಂತಿದ್ದರು. ಹೆಡ್ಮಾಸ್ಟರಾಗಿ ನಿವೃತ್ತರಾದವರು, ನಿಯಮಗಳೆಲ್ಲ ಬಾಯಿಪಾಠ. ಮೈಕ್ ಇಸಿದುಕೊಂಡು, 'ಬಲದಿಂದ ಗಾಳಿ ಇದ್ದವರಿಗೆ ಎಡದಿಂದ ಗಾಳಿ ಇದ್ದವರು ದಾರಿ ಬಿಡಬೇಕು. ಚಾನೆಲ್ಲಿನಲ್ಲಿ ಜಗಳ ಬೇಡ. ಓವರ್' ಅಂದರು. ಇಬ್ಬರೂ ತೆಪ್ಪಗಾದರು. ನಾನು ನಕ್ಕೆ. ಆಮೇಲೆ ಸಂಜೆಯ ತನಕ ನನಗೆ ನಗು ಬರಲಿಲ್ಲ.

ಮೂರು ಗಂಟೆಯ ಮೇಲೆ ಸಮುದ್ರದ ಕಡೆಯಿಂದ ಮಂಜು ಬಂತು. ಆ ಕಾಲದಲ್ಲಿ ಬರಬೇಕಾದ ಮಂಜಲ್ಲ. ಮೊದಲು ಅಳಿವೆ ಕಾಣದಾಯಿತು. ನದಿ ಸಮುದ್ರಕ್ಕೆ ಬಾಯಿ ಬಿಡುವ ಜಾಗ ಅದು, ಇಳಿತದ ಹೊತ್ತಿಗೆ ನೀರು ಅಲ್ಲಿಂದ ಹೊರಕ್ಕೆ ಹುಚ್ಚುಹಿಡಿದ ಹಾಗೆ ಎಳೆಯುತ್ತದೆ. ಆಮೇಲೆ ಹಂಚಿನ ಕಾರ್ಖಾನೆಯ ಚಿಮಣಿ ಹೋಯಿತು. ಆಮೇಲೆ ನೀರಿನ ನಡುವಿನ ಕೊಕ್ಕರೆ ದಿಬ್ಬ. ರಾಯರು ಪಂದ್ಯ ನಿಲ್ಲಿಸಿದರು. ನಾನು ಒಂದೊಂದೇ ದೋಣಿಯ ಹೆಸರು ಕರೆದು 'ಸಂಘ ಕಾಯ್ತಾ ಉಂಟು' ಅಂದೆ. ಒಬ್ಬೊಬ್ಬರೇ ತಾವಿರುವ ಜಾಗ ಹೇಳಿದರು, ಒಬ್ಬೊಬ್ಬರೇ ಜೆಟ್ಟಿಗೆ ಬಂದು ಹಗ್ಗ ಕಟ್ಟಿದರು. ಇಳಿತ ಶುರುವಾಗುವ ಹೊತ್ತಿಗೆ ಎಲ್ಲರೂ ಬಂದಾಗಿತ್ತು. ಬೆಳ್ಳಕ್ಕಿ ಬಂದಿರಲಿಲ್ಲ.

'ಬೆಳ್ಳಕ್ಕಿ, ಬೆಳ್ಳಕ್ಕಿ, ಸಂಘ. ಸಂಘ ಕಾಯ್ತಾ ಉಂಟು. ಓವರ್.'

ಬರೀ ಗೊರಗೊರ. ಮತ್ತೆ ಕರೆದೆ. ಮತ್ತೆ ಗೊರಗೊರ. ಕೋಣೆಯಲ್ಲಿ ಒದ್ದೆ ಬಟ್ಟೆಯಲ್ಲೇ ನಿಂತಿದ್ದ ಜನ ರೇಡಿಯೋ ಸೆಟ್ಟಿನ ಹತ್ತಿರಕ್ಕೆ ಸರಿದರು. ಇನ್ನೊಮ್ಮೆ ಕರೆದಾಗ ಸಣ್ಣಗೆ ಅವಳ ದನಿ ಬಂತು. 'ಸಂಘ, ಸಂಘ, ಬೆಳ್ಳಕ್ಕಿ. ಬಲೆಯ ಗೂಟಕ್ಕೆ ಬಡಿದು ಚುಕ್ಕಾಣಿ ಮುರಿದಿದೆ. ದೋಣಿಯೊಳಗೆ ನೀರು…' ಅಲ್ಲಿಗೆ ದನಿ ಕಡಿಯಿತು.

ಅವಳು ಬದುಕಿದ್ದಾಳೆ ಅಂತ ಒಂದು ಕ್ಷಣ ಜೀವ ಬಂದ ಹಾಗಾಯಿತು. ಮುಂದಿನ ಕ್ಷಣಕ್ಕೆ ನೀರು ಅನ್ನುವ ಮಾತು ತಲೆಗೆ ಹೋಯಿತು. ನನ್ನ ಕಣ್ಣು ಆ ಬುತ್ತಿಯ ಡಬ್ಬದ ಮೇಲೆ ಬಿತ್ತು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ, ತಣ್ಣೀರಲ್ಲಿ ಒಬ್ಬಳೇ ಕೂತಿದ್ದಾಳೆ. ಕೈ ತಾನಾಗಿ ಬಟನ್ ಒತ್ತಿತು, ಬಾಯಿ ತಾನಾಗಿ ತೆರೆಯಿತು.

'ವಾರೀ, ಎಂತಾದ್ರೂ ತಿಂದ್ಯಾ?'

ಅಯ್ಯೋ! ಡಾಕ್ಟರ ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ವಾರಿಜಾ ಹುಟ್ಟಿದಾಗಿನಿಂದ ದಿನಕ್ಕೆ ಹತ್ತು ಸಲ ಅವಳನ್ನು ಕೇಳಿದ ಮಾತು, ಉಸಿರಿನ ಹಾಗೆ ಬಂದುಬಿಟ್ಟಿತ್ತು. ಊರಿಗೆಲ್ಲ ಪಾಠ ಹೇಳುವ ಕುಸುಮಕ್ಕ ಪ್ರಶ್ನೆ ಕೇಳಿದ್ದಳು.

ನೀರು ತಡಮಾಡಲಿಲ್ಲ.

'ಇಲ್ಲ ಅಕ್ಕಾ,' ಅಂದಿತು. ವಾರಿಜಾಳದೇ ದನಿ, ಅವಳ ಮೂಗಿನ ಎಳೆತ ಸಹಿತ. 'ನೀನು ಕೊಟ್ಟದ್ದನ್ನು ಬಿಟ್ಟು ಬಂದೆ. ಹಸಿವಾಗ್ತದೆ. ಅಕ್ಕಾ, ನನ್ನನ್ನು ನೀರು ಅಳಿವೆಯ ಕಡೆ ಎಳೀತಾ ಉಂಟು. ಹೆದರಿಕೆ ಆಗ್ತದೆ. ಬೇಗ ಯಾರನ್ನಾದ್ರೂ ಕಳಿಸು ಅಕ್ಕಾ. ಓವರ್.'

ಅದರ ಬೆನ್ನಿಗೇ, ಗೊರಗೊರದ ನಡುವೆ ಇನ್ನೊಂದು. ಅದೂ ವಾರಿಜಾಳದೇ. 'ಸಂಘ, ಸಂಘ, ಬೆಳ್ಳಕ್ಕಿ. ಕೊಕ್ಕರೆ ದಿಬ್ಬದ ಹಿಂದೆ ಲಂಗರು ಹಾಕಿದ್ದೇನೆ. ನೀರು ಮೊಗೆದು ಚೆಲ್ತಾ ಇದ್ದೇನೆ. ಗಡಿಬಿಡಿ ಬೇಡ. ಓವರ್.'

ಕೊಕ್ಕರೆ ದಿಬ್ಬ ಉತ್ತರಕ್ಕೆ, ಅಳಿವೆ ದಕ್ಷಿಣಕ್ಕೆ. ನಮ್ಮಲ್ಲಿರುವುದು ಒಂದೇ ಮೋಟಾರು ದೋಣಿ, ಮಿಂಚುಳ್ಳಿ ಅಂತ. ಅದನ್ನು ನಡೆಸುವ ಸಾಲ್ವದೋರ್, ನಾವೆಲ್ಲ ಸಾಲು ಅನ್ನುತ್ತೇವೆ, ಆಗಲೇ ಕೆಳಗೆ ಎಂಜಿನ್ ಚಾಲೂ ಮಾಡಿ ಕಿಟಕಿಯ ಕಡೆ ತಲೆ ಎತ್ತಿ ನಿಂತಿದ್ದ. ಒಂದು ಕಡೆ ಹೋದರೆ ಇನ್ನೊಂದು ಕಡೆಗೆ ಹೊತ್ತಿಗೆ ಸರಿಯಾಗಿ ಮುಟ್ಟುವ ಮಾತೇ ಇಲ್ಲ, ಅದೂ ಆ ಮಂಜಿನಲ್ಲಿ.

'ಅಳಿವೆಗೆ ಹೋಗು ಸಾಲು!' ರಾಯರು ಕಿಟಕಿಯಿಂದ ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, 'ಆ ಲಂಗರು ಹಾಕಿ ಗಡಿಬಿಡಿ ಬೇಡ ಅನ್ನೋದುಂಟಲ್ಲ, ಅದು ನೀರು. ಸಮಾಧಾನ ಹೇಳುವುದು ಅದರ ಬುದ್ಧಿ. ಅಳ್ತಾ ಇರೋದು ನಿಮ್ಮ ತಂಗಿ. ಏಳಿ ಕುಸುಮಕ್ಕ, ಇನ್ನು ನೀವು ಇಲ್ಲಿ ಕೂರಬಾರದು. ನಾನು ನೋಡಿಕೊಳ್ತೇನೆ.'

ಮಿಂಚುಳ್ಳಿ ಹೊರಟ ಸದ್ದು ಕೇಳಿಸಿತು. ನಾನು ಏಳಲಿಲ್ಲ. 'ಅಕ್ಕಾ,' ಅಂತ ಆ ದನಿ ಮತ್ತೆ ಬಂತು, 'ಅಕ್ಕಾ, ನೀನಿಲ್ಲದಿದ್ರೆ ನನಗೆ ಯಾರುಂಟು? ನಾನು ತಪ್ಪು ಮಾಡಿದೆ. ನಿನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.' ಅದನ್ನು ಕೇಳಿ ನನಗೆ ಏನಾಯಿತು ಅಂತ ಹೇಳಿಬಿಡುತ್ತೇನೆ, ನಾಚಿಕೆ ಬಿಟ್ಟು. ಖುಷಿಯಾಯಿತು. ತಂಗಿ ಸಾಯುತ್ತಿದ್ದಾಳೆ ಅನ್ನುವ ಭಯದ ಕೆಳಗೆ ಬಿಸಿ ಹಾಲು ಕುಡಿದ ಹಾಗೆ ಒಂದು ಖುಷಿ. ಆ ಖುಷಿಯಿಂದಲೇ ನನಗೆ ಅನುಮಾನ ಬಂತು.

'ರಾಯರೇ,' ಅಂದೆ, 'ದೋಣಿ ತಿರುಗಿಸಲು ಹೇಳಿ.'

'ಎಂತ ಹೇಳ್ತೀರಿ ನೀವು?'

'ಡಾಕ್ಟರ ಹೆಂಡತಿಗೆ ಬೇಕಾದ್ದು ಗಂಡ ಸುಖವಾಗಿದ್ದಾನೆ ಅಂತ. ಅದಕ್ಕೇ ನೀರು ಹಾಗೆ ಹೇಳಿತು. ನನಗೆ ಬೇಕಾದ್ದು ಅದಲ್ಲ. ನನ್ನ ತಂಗಿ ನನ್ನನ್ನು ಬಿಟ್ಟು ಹೊರಟಿದ್ದಾಳೆ ರಾಯರೇ, ಟ್ರಂಕು ಕಟ್ಟಿದ್ದಾಳೆ. ಅವಳು ಅಳಬೇಕು, ಅಕ್ಕಾ ನೀನೇ ಬೇಕು ಅಂತ ಕರೀಬೇಕು. ನನಗೆ ಬೇಕಾದ್ದು ಅದು.' ಇಷ್ಟು ಜನರ ಮುಂದೆ ಈ ಮಾತು ಹೇಳುವಾಗ ನನ್ನ ಕಿವಿಯೆಲ್ಲ ಬಿಸಿಯಾಯಿತು.

ರಾಯರು ಒಪ್ಪಲಿಲ್ಲ. ಒಪ್ಪುವುದು ಹೇಗೆ? 'ಇದು ನಿಮ್ಮ ಊಹೆ. ಊಹೆಯ ಮೇಲೆ ಒಂದು ಜೀವ ಬಿಡ್ಲಿಕ್ಕಾಗ್ತದಾ? ಹೆದರಿದ ಮನುಷ್ಯರು ಅಳುವುದೇ ಸಹಜ.' ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನಗೂ ಖಾತ್ರಿ ಇರಲಿಲ್ಲ. ವಾರಿಜಾ ಹುಡುಗಿಯಾಗಿದ್ದಾಗ ಗುಡುಗಿಗೆ ಹೆದರಿ ನನ್ನ ಸೆರಗಿನೊಳಗೆ ನುಗ್ಗುತ್ತಿದ್ದಳು. ಅವಳು ಈಗ ಅಳಿವೆಯ ಬಾಯಲ್ಲಿ ನಿಜವಾಗಿಯೂ ನನ್ನನ್ನು ಕೂಗುತ್ತಿದ್ದರೆ?

ಕೇಳುವ ಹಾಗಿಲ್ಲ. ಇನ್ನೊಂದು ಪ್ರಶ್ನೆ ಬಿದ್ದರೆ ನೀರಿಗೆ ಇನ್ನೂ ಸಲೀಸು. ಹೇಳಬಹುದು, ಅಷ್ಟೇ. ಏನು ಹೇಳಲಿ? ಮೈಕನ್ನು ಬಾಯಿಯ ಹತ್ತಿರ ತಂದೆ. ಬಟನ್ ಒತ್ತಿ, ಒಂದು ಉಸಿರು ತಡೆದೆ.

'ಬೆಳ್ಳಕ್ಕಿ, ಬೆಳ್ಳಕ್ಕಿ, ಸಂಘ. ನಾನು ಮನೆಗೆ ಹೋಗಿ ನಿನ್ನ ಟ್ರಂಕು ಬಿಚ್ಚಿ ಬಟ್ಟೆಯೆಲ್ಲ ವಾಪಸು ಕಪಾಟಿನಲ್ಲಿ ಇಡ್ತೇನೆ. ಓವರ್.'

'ಇಡು ಅಕ್ಕಾ,' ಅಂದಿತು ಒಂದು ದನಿ, ಕೂಡಲೇ. 'ಎಲ್ಲ ನೀನು ಹೇಳಿದ ಹಾಗೆ. ಸೀರೆಗೆ ನುಸಿಗುಳಿಗೆ ಇಡು. ನಾನು ಅಲ್ಲೇ ಇರ್ತೇನೆ, ನಿನ್ನ ಹತ್ತಿರವೇ. ಓವರ್.'

ಆಮೇಲೆ ಗೊರಗೊರ. ಬರೀ ಗೊರಗೊರ. ರಾಯರು ನನ್ನ ಹೆಗಲ ಮೇಲೆ ಕೈ ಇಟ್ಟರು. ಇನ್ನೊಂದು ದನಿ ಬರುವುದೇ ಇಲ್ಲವೇನೋ, ಇರುವುದು ಇದೊಂದೇ, ಇದೇ ನನ್ನ ವಾರಿಜಾ ಅಂದುಕೊಳ್ಳುವಷ್ಟರಲ್ಲಿ, ಸೆಟ್ಟಿನ ಒಳಗಿಂದ ಏದುಸಿರು ಬಿಡುತ್ತ ಬಂತು:

'ಟ್ರಂಕು ಮುಟ್ಟಬೇಡ. ಓವರ್.'

ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. 'ಮಿಂಚುಳ್ಳಿ, ಮಿಂಚುಳ್ಳಿ, ಸಂಘ. ತಿರುಗಿಸು ಸಾಲು, ಕೊಕ್ಕರೆ ದಿಬ್ಬದ ಹಿಂದೆ. ಅಳಿವೆಗಲ್ಲ, ದಿಬ್ಬದ ಹಿಂದೆ! ಓವರ್!' ರಾಯರು ಮೈಕಿಗೆ ಕೈ ಹಾಕಿದವರು ಹಾಗೇ ನಿಂತರು. ನನ್ನ ಮುಖ ನೋಡಿದರು. ಕೈ ಹಿಂದಕ್ಕೆ ತೆಗೆದುಕೊಂಡರು. ಸಾಲು 'ಸಂಘ, ಮಿಂಚುಳ್ಳಿ. ತಿರುಗಿಸಿದೆ. ಓವರ್' ಅಂದ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ದೋಣಿ ನೀರಿನ ಮೇಲಿರುವ ತನಕ ಸೆಟ್ಟು ಆರಿಸಬಾರದು, ಕಿವಿ ಮುಚ್ಚಬಾರದು. ಇದು ಸಂಘದ ಮೊದಲ ನಿಯಮ, ನಾನೇ ಎಲ್ಲರಿಗೂ ಕಲಿಸಿದ್ದು. ಮಿಂಚುಳ್ಳಿ ತಿರುಗಿತು ಅಂತ ಗೊತ್ತಾದದ್ದೇ ಆ ದನಿ ನನ್ನ ಬೆನ್ನು ಹತ್ತಿತು. 'ಅಕ್ಕಾ, ಎಂಜಿನ್ ಸದ್ದು ಕೇಳ್ತಾ ಇತ್ತು, ಈಗ ಇಲ್ಲ. ಅಕ್ಕಾ, ನನ್ನನ್ನು ಬಿಟ್ಟುಬಿಟ್ಯಾ?' ಉತ್ತರ ಕೊಡುವ ಹಾಗಿಲ್ಲ. 'ಅಲೆ ದೊಡ್ಡದಾಗ್ತಾ ಉಂಟು ಅಕ್ಕಾ. ಅಮ್ಮ ಹೋದಾಗ ನೀನು ಹೇಳಿದ್ದಿಯಲ್ಲ, ನಾನಿದ್ದೇನೆ ಅಂತ.' ಹೌದು, ಹೇಳಿದ್ದೆ. ನಾನು ಮೈಕನ್ನು ಮೇಜಿನ ಮೇಲಿಟ್ಟು ಎರಡೂ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತೆ, ತಪ್ಪಿಯೂ ಬಟನ್ ಒತ್ತದ ಹಾಗೆ. ಡಾಕ್ಟರ ಹೆಂಡತಿ ನನ್ನ ಪಕ್ಕದಲ್ಲಿ ಬಂದು ನಿಂತು ಅಳುತ್ತಿದ್ದಳು. ಇದು ಮೋಸ, ಇದು ನೀರು, ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಒಳಗಿನಿಂದ ಇನ್ನೊಬ್ಬಳು, ಟ್ರಂಕು ಮುಟ್ಟಬೇಡ ಅಂದದ್ದೇ ನೀರಾಗಿದ್ದರೆ ಏನು ಮಾಡುತ್ತೀ ಕುಸುಮಾ, ಅಂತ ಕೇಳುತ್ತಲೇ ಇದ್ದಳು. ನೀರಿಗೆ ನನ್ನ ಮನಸ್ಸು ನನಗಿಂತ ಚೆನ್ನಾಗಿ ಗೊತ್ತಿರಬಹುದಲ್ಲ!

ಸಾಲುವಿನ ದನಿ ಬಂತು. 'ಸಂಘ, ಸಂಘ, ಮಿಂಚುಳ್ಳಿ. ದಿಬ್ಬದ ಹಿಂದೆ ಬಂದಿದ್ದೇನೆ. ಏನೂ ಕಾಣುವುದಿಲ್ಲ. ಯಾರೂ ಇಲ್ಲ ಇಲ್ಲಿ. ಓವರ್.'

ಯಾರೂ ಇಲ್ಲ. ರಾಯರು ಕಣ್ಣು ಮುಚ್ಚಿದರು. ನಿಜವಾದ ದನಿ ಆಗಲೇ ನಿಂತುಹೋಗಿತ್ತು. ಟ್ರಂಕಿನ ಮಾತಾದ ಮೇಲೆ ಅದು ಒಂದು ಸಲವೂ ಬಂದಿರಲಿಲ್ಲ. ನೀರಿನದ್ದು ಮಾತ್ರ 'ಅಕ್ಕಾ, ಅಕ್ಕಾ' ಅನ್ನುತ್ತಲೇ ಇತ್ತು. ಹಾಗಿದ್ದರೂ ಮೈಕ್ ಎತ್ತಿಕೊಂಡೆ. 'ಮಿಂಚುಳ್ಳಿ, ಮಿಂಚುಳ್ಳಿ, ಸಂಘ. ಎಂಜಿನ್ ನಿಲ್ಲಿಸು. ಓವರ್.'

'ನಿಲ್ಲಿಸಿದ್ರೆ ಇಳಿತ ನನ್ನನ್ನೂ ಎಳೀತದೆ ಕುಸುಮಕ್ಕ. ಓವರ್.'

'ಎಳೆಯಲಿ. ಮಂಜಿನಲ್ಲಿ ಲಂಗರು ಹಾಕಿದವರು ಗಂಟೆ ಹೊಡೀಬೇಕು ಅಂತ ನಿಯಮ ಉಂಟು. ಅವಳ ಹತ್ರ ಗಂಟೆ ಇಲ್ಲ. ಏನನ್ನಾದರೂ ಬಡೀತಾ ಇರ್ತಾಳೆ. ಎಂಜಿನ್ ನಿಲ್ಲಿಸಿ ಕಿವಿಗೊಡು. ಓವರ್.'

ಸಾಲು ಉತ್ತರ ಕೊಡಲಿಲ್ಲ. ಎಂಜಿನ್ ನಿಲ್ಲಿಸಿದನೋ ಇಲ್ಲವೋ ತಿಳಿಯುವ ದಾರಿಯಿಲ್ಲ, ಕೇಳುವ ದಾರಿಯೂ ಇಲ್ಲ. ಆ ಹೊತ್ತು ಎಷ್ಟಿತ್ತು ಅಂತ ನಾನು ಹೇಳಲಾರೆ. ಬುತ್ತಿಯ ಡಬ್ಬವನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ ಅಂತ ಆಮೇಲೆ ಯಾರೋ ಹೇಳಿದರು. ನನಗೆ ನೆನಪಿಲ್ಲ. ನೆನಪಿರುವುದು ಒಂದೇ, 'ಅಕ್ಕಾ, ನೀರು ಕುತ್ತಿಗೆಗೆ ಬಂತು' ಅಂತ ಆ ದನಿ ಅಂದದ್ದು.

'ಸಂಘ, ಸಂಘ, ಮಿಂಚುಳ್ಳಿ!' ಸಾಲು ಕಿರುಚುತ್ತಿದ್ದ. 'ಬೋಗುಣಿ ಬಡೀತಾ ಇದ್ದಾಳೆ! ಕೇಳ್ತಾ ಉಂಟು, ಎಡಕ್ಕೆ! ಕಂಡಳು, ಕಂಡಳು ಮಾರಾಯ್ರೆ! ದೋಣಿ ಮುಕ್ಕಾಲು ಮುಳುಗಿದೆ, ಹಾಯಿಕಂಬ ತಬ್ಬಿಕೊಂಡಿದ್ದಾಳೆ. ಸೆಟ್ಟು ನೀರಿಗೆ ಬಿದ್ದಿದೆ ಅಂತೆ. ಹಿಡಿದೆ, ಹಿಡಿದೆ!' ಓವರ್ ಹೇಳುವುದನ್ನೂ ಮರೆತಿದ್ದ. ನಾನು ಬೈಯಲಿಲ್ಲ. ಕೋಣೆಯಲ್ಲಿ ಯಾರು ಯಾರನ್ನು ತಬ್ಬಿಕೊಂಡರೋ ಗೊತ್ತಿಲ್ಲ. ಭುಜಂಗರಾಯರು ಮೂಗು ಒರೆಸಿಕೊಂಡು ಕಿಟಕಿಯ ಹೊರಗೆ ಮಂಜನ್ನು ನೋಡುತ್ತ ನಿಂತರು.

ಆದರೂ ಸಾಲು ಬೆಳ್ಳಕ್ಕಿಯನ್ನು ಕಟ್ಟಿ ಎಳೆದುಕೊಂಡು ಬರುವ ತನಕ ನಾನು ಆ ಕುರ್ಚಿಯಲ್ಲೇ ಕೂತು ಆ ಇನ್ನೊಂದು ದನಿಯನ್ನು ಕೇಳಿದೆ. ಅದು ಈಗ ಅಳುತ್ತಿರಲಿಲ್ಲ. 'ಅಕ್ಕಾ, ನಾಳೆ ಪತ್ರೊಡೆ ಮಾಡುವ. ಹಿತ್ತಲಲ್ಲಿ ಕೆಸುವಿನ ಎಲೆ ಚಂದ ಬಂದಿದೆ. ಸಂಜೆ ಇಬ್ಬರೂ ಜಗಲಿಯಲ್ಲಿ…' ಅನ್ನುತ್ತಿತ್ತು. ಕೆಳಗೆ ಬೆಳ್ಳಕ್ಕಿಯ ಮೂಗು ಜೆಟ್ಟಿಯ ಕಲ್ಲಿಗೆ ತಗಲಿದ ಸದ್ದು ಕೇಳಿಸಿತು. ದನಿ ಅಲ್ಲಿಗೇ ನಿಂತಿತು. ನಾನು ಸೆಟ್ಟು ಆರಿಸಿ, ಡಬ್ಬ ಹಿಡಿದುಕೊಂಡು ಮೆಟ್ಟಿಲಿಳಿದೆ.

ವಾರಿಜಾ ಜೆಟ್ಟಿಯ ಕಲ್ಲಿನ ಮೇಲೆ ಯಾರದೋ ಕಂಬಳಿ ಹೊದ್ದು ಕೂತಿದ್ದಳು. ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಬೋಗುಣಿ ಇನ್ನೂ ಕೈಯಲ್ಲೇ ಇತ್ತು. ನಾನು ಪಕ್ಕದಲ್ಲಿ ಕೂತು ಸೆರಗಿನಿಂದ ಅವಳ ತಲೆ ಒರೆಸಿದೆ. ಡಬ್ಬ ತೆಗೆದು ಕಡುಬು ಬಿಚ್ಚಿ ಕೊಟ್ಟೆ. ಗಬಗಬ ತಿಂದಳು, ಚಟ್ನಿಯೂ ಇಲ್ಲದೆ. ತಿನ್ನುತ್ತ ತಿನ್ನುತ್ತ, 'ಸೆಟ್ಟು ನೀರಿಗೆ ಬೀಳುವ ತನಕ ನನಗೂ ಎಲ್ಲ ಕೇಳ್ತಾ ಇತ್ತು,' ಅಂದಳು. 'ಅದು ಅತ್ತದ್ದೂ ಕೇಳಿತು.'

'ಹ್ಞೂಂ.'

'ನನ್ನ ಹಾಗೇ ಇತ್ತು, ಅಲ್ಲವಾ?'

'ನಿನಗಿಂತ ಒಳ್ಳೆಯವಳು ಅದು,' ಅಂದೆ. ಅವಳು ನಕ್ಕಳು. ನನಗೂ ನಗು ಬಂತು, ನಗುವಿನ ಜೊತೆ ಕಣ್ಣೀರೂ ಬಂತು. ಮಂಜು ಸ್ವಲ್ಪ ಸ್ವಲ್ಪವೇ ಎದ್ದು ಹೋಗುತ್ತಿತ್ತು. ಕಾರ್ಖಾನೆಯ ಚಿಮಣಿ ಕಂಡಿತು, ಆಮೇಲೆ ಆಚೆ ದಡ, ಅದರ ಮೇಲೆ ಸಾಲಾಗಿ ಹಳೆಯ ಗೋದಾಮುಗಳು. ಇಬ್ಬರೂ ಆ ಕಡೆ ನೋಡುತ್ತ ಕೂತೆವು. ಕೇಳದೆ ಇನ್ನೂ ಕೆಲವು ದಿನ ತಳ್ಳಬಹುದಿತ್ತು. ಸಾರಿಗೆ ಉಪ್ಪು ಕಮ್ಮಿ, ಹಾಕಿಕೋ, ಹೀಗೆಯೇ. ಆದರೆ ನಾವು ಕೂತಿದ್ದು ನೆಲದ ಮೇಲೆ, ಮಧ್ಯದಲ್ಲಿ ರೇಡಿಯೋ ಇರಲಿಲ್ಲ, ನನ್ನ ಕೈ ಅವಳ ಒದ್ದೆ ತಲೆಯ ಮೇಲಿತ್ತು.

'ಹೋಗ್ತೀಯಾ?' ಅಂತ ಕೇಳಿದೆ.

ಅವಳು ಬಾಯಲ್ಲಿದ್ದ ತುತ್ತು ನುಂಗಿದಳು. ನನ್ನ ಮುಖ ನೋಡಿಯೇ ಹೇಳಿದಳು.

'ಹೋಗ್ತೇನೆ ಅಕ್ಕ.'

ನನ್ನ ತಂಗಿಯೇ. ಅನುಮಾನವೇ ಇರಲಿಲ್ಲ. ನಾನು ಇನ್ನೊಂದು ಕಡುಬು ಬಿಚ್ಚಿ ಅವಳ ಕೈಗೆ ಕೊಟ್ಟೆ.